ಸತ್ಯಾಂಶ: ಹಳೇ ಜೀಪಿನ ಚಾಸಿಗೆ ಸುಟ್ಟ ಆಯಿಲ್ ಸಾಕೇ?

ಸುಟ್ಟ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಹೊಡೆದರೆ ಚಾಸಿಗೆ (ಗಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ತುಕ್ಕೇ ಹಿಡಿಯಲ್ಲ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ. ಎಣ್ಣೆ ಕೆಲ ದಿನ ನೀರು ತಡೆಯುವುದರಿಂದ ನಂಬಿಕೆ ಹುಟ್ಟಿದ್ದು ಸಹಜ. ಆದರೆ ಅದು ಒಣಗಿ ಪದರವಾಗುವುದಿಲ್ಲ, ಮಳೆಗೆ ತೊಳೆದುಹೋಗುತ್ತದೆ. ಬಳ್ಳಾರಿ–ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಅದಕ್ಕೆ ಮೆತ್ತಿಕೊಂಡು, ಒದ್ದೆಯನ್ನು ಕಬ್ಬಿಣಕ್ಕೇ ಒತ್ತಿ ಹಿಡಿಯುತ್ತದೆ. ಸುಟ್ಟ ಆಯಿಲಿನಲ್ಲಿ ಆಮ್ಲದ ಅಂಶವೂ ಇರುತ್ತದೆ. ಎಣ್ಣೆ ತಾಗಿದರೆ ರಬ್ಬರ್ ಬುಷ್ (ಕೀಲುಗಳಲ್ಲಿ ಅದುರು ತಡೆಯುವ ರಬ್ಬರ್ ಬಳೆಗಳು) ಉಬ್ಬುತ್ತವೆ. ಬ್ರೇಕ್ ಲೈನರಿಗೆ ತಾಗಿದರೆ ಹಿಡಿತವೇ ತಪ್ಪುತ್ತದೆ, ಇದು ನಿಜಕ್ಕೂ ಅಪಾಯ.

ನಮ್ಮ ಆಯ್ಕೆ ಎಪಾಕ್ಸಿ ಪ್ರೈಮರ್, ಅಂದರೆ ಗಟ್ಟಿಕಾರಕ ಬೆರೆಸಿ ಹೊಡೆಯುವ, ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟುವ ಅಡಿಬಣ್ಣ. ಮೊದಲು ಗ್ರೀಸ್ ತೆಗೆಯಿರಿ, ಆಮೇಲೆ ವೈರ್ ಬ್ರಶ್ ಅಥವಾ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣ ಹೊಡೆದು ತುಕ್ಕು ತೆಗೆಯುವುದು). ಜಿಡ್ಡಿನ ಮೇಲೇ ಉಜ್ಜಿದರೆ ಅದು ಇನ್ನಷ್ಟು ಹರಡಿ, ಬಣ್ಣ ಸಿಪ್ಪೆಯೇಳುತ್ತದೆ. ಬ್ಲಾಸ್ಟ್ ಮಾಡಿದ ದಿನವೇ ಪ್ರೈಮರ್ 2 ಕೋಟ್ ಹೊಡೆಯಿರಿ. ಎಪಾಕ್ಸಿ ಬಿಸಿಲಿಗೆ ಪುಡಿಯೇಳುವುದರಿಂದ ಮೇಲೆ ಪಿಯು (ಪಾಲಿಯುರೆಥೇನ್) ಕಪ್ಪು ಬಣ್ಣ ಬೇಕು. ಮುಚ್ಚಿದ ಭಾಗಗಳ ಒಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಕ್ಕೆ ಸಿಂಪಡಿಸುವ, ತುಕ್ಕು ತಡೆಯುವ ಮೇಣ) ಹೊಡೆಯಿರಿ. ನೀರಿಳಿಯುವ ತೂತು ಮುಚ್ಚಬೇಡಿ.

ನೀವೇ ಪರೀಕ್ಷಿಸಿ: ಉಜ್ಜಿದ 2 ಗುಜರಿ ತಗಡಿನಲ್ಲಿ ಒಂದಕ್ಕೆ ಸುಟ್ಟ ಆಯಿಲ್, ಇನ್ನೊಂದಕ್ಕೆ ಪ್ರೈಮರ್. ಪ್ರೈಮರ್ ಪೂರ್ತಿ ಗಟ್ಟಿಯಾದ ಮೇಲೆ ಎರಡಕ್ಕೂ ಧೂಳು ಉದುರಿಸಿ, 15 ದಿನ ಉಪ್ಪುನೀರು ಚಿಮುಕಿಸಿ, ಒರೆಸಿ ನೋಡಿ. ಸಂದೇಶದಲ್ಲಿ ಅಳತೆ, ಒಣಗುವ ಸಮಯ, ರಬ್ಬರಿನ ವಿಚಾರ ಇದೆಯೇ ಎಂದೂ ಹುಡುಕಿ. ಒಳ್ಳೆ ಪೇಂಟಿನ ಮಾಹಿತಿ ಹಾಳೆಯಲ್ಲಿ ಪದರದ ದಪ್ಪ ಕೂಡ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್‌ನಲ್ಲೇ ಇರುತ್ತದೆ.