ಭಾನುವಾರದ ಸೂಜಿ

ಇವತ್ತು ಬೆಳಗ್ಗೆ ಫ್ರಿಜ್ ತೆಗೆದರೆ ಟಿರ್ಜೆಪಟೈಡ್ ಪೆನ್ನೇ ಇಲ್ಲ; ಅದೇ, ಸಕ್ಕರೆ ಕಾಯಿಲೆಗೂ ತೂಕ ಇಳಿಸೋಕೂ ಕೊಡೋ, ಹಸಿವು ತಗ್ಗಿಸೋ ಇಂಜೆಕ್ಷನ್. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಫ್ರೀಜರ್‌ನಲ್ಲಿ, ಬಟಾಣಿ ಪ್ಯಾಕೆಟ್ ಕೆಳಗೆ, ಕಲ್ಲಾಗಿ. "ಔಷಧಿ ಅಲ್ವೇನೋ, ಕೆಡಬಾರದು ಅಂತ ಒಳಗಿಟ್ಟೆ" ಅಂದಳು ಅಮ್ಮ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕಸಕ್ಕೇ. ಇನ್ನೂ ಎರಡು ಡೋಸ್ ಇತ್ತು ಕಣ್ರೀ ಅದರಲ್ಲಿ!

ವಾರಕ್ಕೊಂದೇ ಇಂಜೆಕ್ಷನ್, ಅದೇನು ಮಹಾ ಅಂದಿದ್ದರು. ಮಹಾ ಏನೂ ಇಲ್ಲ ಸ್ವಾಮಿ. ದೋಸೆಹಿಟ್ಟಿನ ಪಾತ್ರೆಗೂ ಮಲ್ಲಿಗೆ ಮೊಳಕ್ಕೂ ನಡುವೆ, 2ರಿಂದ 8 ಡಿಗ್ರಿಯಲ್ಲಿ, ಮಹಾರಾಜರ ಹಾಗೆ ಕಾಪಾಡಬೇಕು, ಅಷ್ಟೇ. ಕರೆಂಟು ಹೋದರೆ ಮನೆಯವರೆಲ್ಲ ಫ್ಯಾನ್ ನೋಡ್ತಾರೆ, ನಾನು ಫ್ರಿಜ್ ನೋಡ್ತೀನಿ. ಕಳೆದ ವಾರ ಚುಚ್ಚಿದ್ದು ಹೊಟ್ಟೆಯ ಎಡಕ್ಕೋ ಬಲಕ್ಕೋ, ಯಾರಿಗೆ ನೆನಪಿರುತ್ತೆ? ಗುಂಡಿ ಒತ್ತಿಹಿಡಿದು ನಿಧಾನಕ್ಕೆ ಐದರವರೆಗೆ ಎಣಿಸುವಾಗಲೇ ಕೊರಿಯರ್‌ನವನು ಬೆಲ್ ಹೊಡೀಬೇಕಾ? ಬಳಸಿದ ಸೂಜಿಗಳೆಲ್ಲ ಹಳೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿವೆ. ಕಸದ ಆಟೋದವರಿಗೆ ಅದನ್ನ ಹಸಿ ಕಸ ಅಂತ ಕೊಡಲಾ, ಒಣ ಕಸ ಅಂತಲಾ?

2.5 ಮಿಲಿಗ್ರಾಂ ನಾಲ್ಕು ವಾರ, ಆಮೇಲೆ 5. ಸರಿಯಾಗಿ 5ಕ್ಕೆ ಏರಿದ ವಾರವೇ ಚಿಕ್ಕಪ್ಪನ ಮಗಳ ಮದುವೆ. ಎಲೆಯ ಮೇಲೆ ಹೋಳಿಗೆ, ಅದರ ಮೇಲೆ ಧಾರೆಯಾಗಿ ತುಪ್ಪ, ನನಗೆ ಮಾತ್ರ ಹುಳಿತೇಗು. "ಏನೂ ಮುಟ್ಟಿಲ್ವಲ್ಲೋ, ಹುಷಾರಿಲ್ವಾ?" ಅಂದ ದೊಡ್ಡಮ್ಮನಿಗೆ ಏನಂತ ಹೇಳೋದು, ಟಿರ್ಜೆಪಟೈಡ್ ಅಂತಲೇ?

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮನ ಕೂಗು. ಪೆನ್ನನ್ನು ಬಿಸಿನೀರಲ್ಲಿ ಇಟ್ಟಿದ್ದಾಳಂತೆ. "ಕರಗಿದೆ, ಬಂದು ಚುಚ್ಚಿಕೋ!"