ಮಗುವಿಗೆ ಜ್ವರ ಬಂದ ದಿನದ ಸಂಬಳ

2020ರ ಕೊರೋನಾ ಕಾಲದಲ್ಲಿ ಸ್ಟಾಕ್‌ಹೋಮ್‌ನಲ್ಲಿದ್ದ ನಮ್ಮ ಚಿಂತೆ ಊರಿನವರ ಚಿಂತೆಗೆ ಪೂರ್ತಿ ಉಲ್ಟಾ. ಅಲ್ಲಿ ಶಾಲೆ ಯಾವಾಗ ತೆಗೀತಾರೋ ಅಂತ, ಇಲ್ಲಿ ಯಾಕೆ ಮುಚ್ಚುತ್ತಿಲ್ಲ ಅಂತ. ಸ್ವೀಡನ್‌ನಲ್ಲಿ ಒಂಬತ್ತನೇ ಕ್ಲಾಸಿನವರೆಗೆ ಶಾಲೆ ನಡೆಯುತ್ತಲೇ ಇತ್ತು. ಹುಷಾರಾಗಿರುವ ಮಗುವನ್ನು ನಾವಾಗಿ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಎರಡನೇ ಕ್ಲಾಸಿನ ಮಗ ಟಾಟಾ ಮಾಡಿ ಒಳಗೆ ಓಡಿದ ಮೇಲೂ ನಾನು ಗೇಟಿನ ಹತ್ತಿರವೇ ನಿಂತಿರುತ್ತಿದ್ದೆ.

ತಂಗಿ ಮಂಡ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಲಾಕ್‌ಡೌನ್ ಸಡಿಲವಾದ ಕೂಡಲೇ ಫ್ಯಾಕ್ಟರಿ ಶುರುವಾಯಿತು, ಶಾಲೆ ಶುರುವಾಗಲಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಮೇಷ್ಟ್ರು ಮಕ್ಕಳನ್ನು ಅರಳಿಕಟ್ಟೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿದರು, ಅಕ್ಟೋಬರ್‌ಗೆ ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸು ಮತ್ತೆ ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟೂ ದಿನ ಮಗು ಅಜ್ಜಿ ಜೊತೆ.

"ಅಣ್ಣಾ, ಅಮ್ಮಂಗೆ ಬೇರೆ ಶುಗರ್ರು. ಮಗೀಗೆ ನೆಗಡಿ ಆದ್ರೂ ಅವರತ್ರಾನೇ ಬಿಟ್ಟೋಗ್ಬೇಕು. ರಜ ಹಾಕಿದ್ರೆ ಆವತ್ತಿನ ಸಂಬಳ ಕಟ್" ಅಂದಳು ಒಂದು ರಾತ್ರಿ. ಫೋನ್ ಇಟ್ಟ ಮೇಲೂ ಅದೇ ಮಾತು ಕಿವಿಯಲ್ಲಿತ್ತು. ಯಾಕೆಂದರೆ ಅದೇ ವಾರ ನನ್ನ ಮಗನಿಗೂ ನೆಗಡಿ. ನಾನು ಬೆಳಗ್ಗೆ ಎದ್ದು ಆಫೀಸಿಗೆ ಒಂದು ಮೆಸೇಜ್ ಹಾಕಿ ಮನೆಯಲ್ಲೇ ಉಳಿದಿದ್ದೆ, ಅಷ್ಟೇ. ಮಗುವಿಗೆ ಹುಷಾರಿಲ್ಲ ಅಂದರೆ ಅಪ್ಪನೋ ಅಮ್ಮನೋ ಮನೆಯಲ್ಲಿರಬಹುದು, ಸಂಬಳದ ಸುಮಾರು ಶೇ 80ರಷ್ಟನ್ನು ಸರ್ಕಾರ ಕೊಡುತ್ತದೆ, ಒಂದು ಮಗುವಿಗೆ ವರ್ಷಕ್ಕೆ 120 ದಿನದವರೆಗೆ. ಇದು ಇಲ್ಲಿ ಎಷ್ಟು ಮಾಮೂಲಿ ಅಂದರೆ, ನೆಗಡಿ ಜಾಸ್ತಿ ಇರುವ ಫೆಬ್ರವರಿಗೆ ಆ ರಜೆಯ 'ವಬ್' ಅನ್ನೋ ಹೆಸರನ್ನೇ ಸೇರಿಸಿ 'ವಬ್ರುವಾರಿ' ಅನ್ನುತ್ತಾರೆ.

ಇಲ್ಲಿ ಎಲ್ಲ ಚೆಂದ ಅಂತಲ್ಲ. ನಾವಿಬ್ಬರೂ ಜ್ವರದಲ್ಲಿ ಮಲಗಿದಾಗ ಒಂದು ಲೋಟ ಗಂಜಿ ಕೊಡೋರಿರಲಿಲ್ಲ. ತಂಗಿ ಮನೆಗೆ ಕೊರೋನಾ ಬಂದಾಗ ಎದುರುಮನೆಯವರು ದಿನಾ ಜಗುಲಿ ಮೇಲೆ ಸಾರು, ಮುದ್ದೆ ಇಟ್ಟು ಹೋಗುತ್ತಿದ್ದರು. ಅದನ್ನು ಯಾವ ಸರ್ಕಾರವೂ ಕೊಡಲಾರದು.

ಆದರೆ ಸಂಬಳದ ರಜೆ ಕೊಡಬಹುದು ಅಲ್ವಾ? ಊರಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವ ಕೆಲಸಗಾರರಿಗೆ ತಮಗೇ ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಸಂಬಳ ಸಿಗುತ್ತದೆ. ಮಗುವಿಗೆ ಜ್ವರ ಬಂದರೆ ಔಷಧಿ ಸಿಗುತ್ತದೆ, ಪಕ್ಕದಲ್ಲಿ ಕೂರುವ ಅಮ್ಮನಿಗೆ ಆ ದಿನದ ದುಡ್ಡು ಸಿಗುವುದಿಲ್ಲ. ಶಾಲೆ ತೆಗೀಬೇಕಾ ಮುಚ್ಚಬೇಕಾ ಅಂತ ಎರಡು ವರ್ಷ ಜಗಳವಾಡಿದೆವು, ಈ ಮಾತು ಮಾತ್ರ ಯಾರೂ ಎತ್ತಲಿಲ್ಲ. ಮೊದಲು ಹತ್ತು ದಿನವಾದರೂ ಕೊಡಲಿ, ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಂದಲೇ ಶುರುವಾಗಲಿ.