ಸತ್ಯಾಂಶ: ಎಚ್‌ಎಫ್ ಕರುವಿಗೆ ರೋಗ ತಡೆಯುವ ಶಕ್ತಿಯೇ ಇಲ್ವಾ?

ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಸುವಿನ ತಳಿಯ ಬಗ್ಗೆ ಚನ್ನಗಿರಿ ಕಡೆಯ ಹೈನುಗಾರರ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಎಚ್‌ಎಫ್ ಸೆಮೆನ್ ಕೊಡಿಸಿದರೆ ಹುಟ್ಟುವ ಕರುವಿಗೆ ರೋಗ ತಡೆಯುವ ಶಕ್ತಿ ಇರಲ್ಲ. ಆ ಹಸುವಿನ ಹಾಲು ಕುಡಿದ ಮಕ್ಕಳಿಗೂ ಅದೇ ಗತಿ."

ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಬಿಡಬಹುದಿತ್ತು. ಎಚ್‌ಎಫ್ ತಳಿಯಲ್ಲಿ ಬ್ಲ್ಯಾಡ್ ಎಂಬ ವಂಶದ ಕಾಯಿಲೆ ಇರುವುದು ನಿಜ. ಇದು ಬಂದ ಕರುವಿನಲ್ಲಿ ರಕ್ತದ ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಲಾರವು, ಹಾಗಾಗಿ ಸೋಂಕಿನ ಜಾಗಕ್ಕೆ ದಾಟಲಾರವು. ವಸಡು ಹುಣ್ಣಾಗುತ್ತದೆ, ಪದೇ ಪದೇ ಭೇದಿ, ಗಾಯ ಒಣಗುವುದಿಲ್ಲ. ತಮಾಷೆ ಅಂದರೆ, ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ವಿಪರೀತ ಜಾಸ್ತಿ! ಕಾವಲುಗಾರರು ಬೇಕಾದಷ್ಟಿದ್ದಾರೆ, ಬಾಗಿಲು ದಾಟೋಕಾಗಲ್ಲ.

ಆದರೆ ಕೆಟ್ಟ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಂದೇ ಕಡೆಯಿಂದ ಬಂದ ಕರು ಆರೋಗ್ಯವಾಗಿಯೇ ಇರುತ್ತದೆ. ಇದು ಹರಡಿದ್ದು 1952ರಲ್ಲಿ ಹುಟ್ಟಿದ ಆಸ್ಬರ್ನ್‌ಡೇಲ್ ಐವನ್ಹೋ ಎಂಬ ಅಮೆರಿಕದ ಹೋರಿಯ ಸಂತತಿಯಿಂದ. 1992ರಲ್ಲಿ ಜೀನಿನ ದೋಷ ಪತ್ತೆಯಾಯಿತು. ಈಗ ನಮ್ಮ ಸೆಮೆನ್ ಕೇಂದ್ರಗಳಿಗೆ ಹೋರಿ ಆರಿಸುವಾಗ ಈ ಪರೀಕ್ಷೆಯೂ ಇದೆ.

ಜೀನ್ ಹಾಲಿನಲ್ಲಿ ಮಕ್ಕಳಿಗೆ ದಾಟುವುದಿಲ್ಲ. ಕರು ಭೇದಿಯಾಗಿ ಸತ್ತರೆ, ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿದ್ದಿರಾ ಅಂತ ಮೊದಲು ಕೇಳಬೇಕು; ಎಳೆ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ. ಮಾಸು ಬೀಳುವ ತನಕ ಕುಡಿಸಬಾರದು ಅನ್ನುವವರು ಇನ್ನೂ ಇದ್ದಾರಲ್ವಾ.